ಸಂಜೆ ಆರರ ಮೇಲೆ ಬಾಗಿಲು ಬಡಿಯುವವರು

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಮೈಕ್ರೊಫೈನಾನ್ಸ್ ವಸೂಲಿಯವರಿಂದ ನಮ್ಮ ತಾಳಿ ಉಳಿಸಿ ಎಂಬುದು ಅವರ ಮೊರೆ. ಅದೇ ಹೊತ್ತಿನಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಿತ್ತು. ಕಂತು ಕಟ್ಟಲಾಗದವರು ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಟ್ಟಿದ್ದರು. ಮೈಸೂರು, ಹಾಸನ, ರಾಯಚೂರು ಅಂತ ಒಂದೊಂದೇ ಜಿಲ್ಲೆಯಿಂದ ಆತ್ಮಹತ್ಯೆಯ ಸುದ್ದಿ ಬರತೊಡಗಿತು. ಮಳೆ ಕೈಕೊಟ್ಟ ವರ್ಷವೂ ಅದಾಗಿರಲಿಲ್ಲ. ಬರ ಬಿದ್ದದ್ದು ಅದಕ್ಕೂ ಮುಂಚೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ಬರದಲ್ಲಿ ಮಾಡಿದ ಸಾಲದ ಕಂತು ಹಸಿರು ಕಂಡ ಮೇಲೂ ಬೆನ್ನು ಬಿಡಲಿಲ್ಲ.

ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಫೆಬ್ರುವರಿಯಲ್ಲಿ ಕಿರುಸಾಲ ಮತ್ತು ಸಣ್ಣಸಾಲಗಳ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಸಿದ್ಧವಾಯಿತು. ಹತ್ತು ವರ್ಷದ ಜೈಲು, ಐದು ಲಕ್ಷದ ದಂಡ ಅತಿಯಾಯಿತೆಂದು ರಾಜ್ಯಪಾಲ ಥಾವರಚಂದ್ ಗೆಹಲೋತ್ ಒಮ್ಮೆ ವಾಪಸ್ ಕಳಿಸಿದರು. ಸರ್ಕಾರ ಸಮಜಾಯಿಷಿ ಕೊಟ್ಟು ಮತ್ತೆ ಕಳಿಸಿತು. ಫೆಬ್ರುವರಿ 12ರಂದು ಅಂಕಿತ ಬಿತ್ತು. ಮಾರ್ಚಿನಲ್ಲಿ ವಿಧಾನಮಂಡಲ ಅದನ್ನು ಮಸೂದೆಯಾಗಿ ಅಂಗೀಕರಿಸಿತು. ಸಾಲ ಕೊಡುವವರು ಜಿಲ್ಲಾಧಿಕಾರಿಯ ಬಳಿ ನೋಂದಾಯಿಸಿಕೊಳ್ಳಬೇಕು, ಅಡಮಾನ ಇಟ್ಟುಕೊಳ್ಳಬಾರದು, ನೋಂದಣಿಯಿಲ್ಲದವರು ಬಡವರಿಗೆ ಹಿಂದೆ ಕೊಟ್ಟಿದ್ದ ಸಾಲ ಬಡ್ಡಿ ಸಮೇತ ತೀರಿದಂತೆ. ದೂರು ತಂದವರನ್ನು ಪೊಲೀಸರು ವಾಪಸ್ ಕಳಿಸುವಂತಿಲ್ಲ ಎಂದೂ ಅದರಲ್ಲಿ ಬರೆದಿದೆ. ಈ ಕೊನೆಯ ಮಾತನ್ನು ಕಾನೂನಿನಲ್ಲಿ ಬರೆಯಬೇಕಾಗಿ ಬಂತಲ್ಲ, ಅದೇ ನಮ್ಮ ಠಾಣೆಗಳ ಬಗ್ಗೆ ಸಾಕಷ್ಟು ಹೇಳುತ್ತದೆ.

ಆದರೆ ಈ ಬೇಲಿಯಲ್ಲಿ ಒಂದು ದೊಡ್ಡ ಕಂಡಿಯಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳು ಮತ್ತು ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಹೆಂಗಸರ ಗುಂಪು ಕಟ್ಟಿ ಹಳ್ಳಿ ಹಳ್ಳಿಯಲ್ಲಿ ಸಾಲ ಹಂಚುವ ದೊಡ್ಡ ಕಂಪನಿಗಳೆಲ್ಲ ಈ ಪಟ್ಟಿಯಲ್ಲೇ ಇರುವವು. ರಾಜ್ಯ ಬೇಕೆಂದೇ ಬಿಟ್ಟಿದ್ದಲ್ಲ ಇದು. ಲೇವಾದೇವಿ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ, ಬ್ಯಾಂಕಿಂಗ್ ಕೇಂದ್ರದ್ದು. ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಹಣಕಾಸು ಸಂಸ್ಥೆಗಳ ಮೇಲೆ ರಾಜ್ಯಗಳ ಲೇವಾದೇವಿ ಕಾಯ್ದೆ ನಡೆಯುವುದಿಲ್ಲ ಎಂದು ಕೇರಳ, ಗುಜರಾತ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಊರಿನ ಮೀಟರ್ ಬಡ್ಡಿಯವನನ್ನು ಹಿಡಿಯುವ ಕಾನೂನು ಬಂತು, ಕಂಪನಿಯ ಬ್ಯಾಗು ತಗಲಿಸಿಕೊಂಡು ಬರುವವನು ಬೆಂಗಳೂರಿನ ಅಳತೆಗೆ ಸಿಗದೆ ಉಳಿದ. ಅವನನ್ನು ನೋಡಿಕೊಳ್ಳಬೇಕಾದ್ದು ರಿಸರ್ವ್ ಬ್ಯಾಂಕಿರುವ ಮುಂಬೈ.

ಮುಂಬೈಯಲ್ಲಿ ನಿಯಮವಿಲ್ಲವೇ? ಇದೆ, ಓದಿದರೆ ಆಶ್ಚರ್ಯವಾಗುವಷ್ಟು ಚೆನ್ನಾಗಿದೆ. 2022ರ ಮಾರ್ಚ್ 14ರಂದು ಹೊರಡಿಸಿ ಏಪ್ರಿಲ್ 1ರಿಂದ ಜಾರಿಗೆ ಬಂದ ನಿರ್ದೇಶನ ಅದು. ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೊಫೈನಾನ್ಸ್ ಸಾಲ. ಆ ಕುಟುಂಬ ಕಟ್ಟುವ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಸಾಲದ ಕಾರ್ಡು ಸಾಲಗಾರಳಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ವಿಮೆಯಂಥದ್ದನ್ನು ಅವಳ ಪೂರ್ಣ ಒಪ್ಪಿಗೆಯಿಲ್ಲದೆ ತಗಲಿಸಬಾರದು. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ. ಸತತ ಎರಡು ಸಲ ಅಲ್ಲಿಗೆ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ನೆಂಟರು, ಸ್ನೇಹಿತರು, ಜೊತೆ ಕೆಲಸ ಮಾಡುವವರನ್ನು ಕಾಡುವಂತಿಲ್ಲ. ಬಾಕಿದಾರಳ ಹೆಸರನ್ನು ಊರ ಮುಂದೆ ಹಾಕುವಂತಿಲ್ಲ. ಏಜೆಂಟು ಹೊರಗಿನವನಾದರೂ ಅವನ ನಡತೆಗೆ ಸಂಸ್ಥೆಯೇ ಹೊಣೆ. ಕಂತು ಕಟ್ಟಲು ಕಷ್ಟಪಡುತ್ತಿರುವವರನ್ನು ಗುರುತಿಸಿ, ಕೂತು ಮಾತಾಡಿ, ಅವರಿಗಿರುವ ದಾರಿ ತಿಳಿಸುವ ವ್ಯವಸ್ಥೆಯನ್ನೂ ಸಂಸ್ಥೆಯೇ ಮಾಡಿರಬೇಕು.

ಇದೇ ನಿರ್ದೇಶನ ಬಡ್ಡಿಗಿದ್ದ ಮಿತಿಯನ್ನೂ ತೆಗೆದುಹಾಕಿತು. ದರ ಎಷ್ಟಿರಬೇಕೆಂದು ಇನ್ನು ಮುಂದೆ ಆಯಾ ಸಂಸ್ಥೆಯ ಆಡಳಿತ ಮಂಡಳಿಯೇ ತೀರ್ಮಾನಿಸಬೇಕು, ಸುಲಿಗೆಯ ಮಟ್ಟಕ್ಕೆ ಹೋಗಬಾರದು, ಅಷ್ಟೆ. ಸುಲಿಗೆ ಎಲ್ಲಿಂದ ಶುರುವಾಗುತ್ತದೆ ಎಂದು ಗೆರೆ ಎಳೆಯಲಿಲ್ಲ.

ಈಗ ಒಂದು ಹಳ್ಳಿಯಲ್ಲಿ ಗುಂಪಿನವರು ಕಂತು ಕಟ್ಟುವ ಸೆಂಟರ್ ಮೀಟಿಂಗ್ ನೋಡಿ. ಗುಡಿಯ ಜಗಲಿ, ಇಲ್ಲವೇ ಯಾರದೋ ಮನೆಯ ಪಡಸಾಲೆ. ಚಾಪೆಯ ಮೇಲೆ ಹತ್ತು ಹದಿನೈದು ಹೆಂಗಸರು, ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಫೀಲ್ಡ್ ಆಫೀಸರ್, ತೊಡೆಯ ಮೇಲೆ ಟ್ಯಾಬು. ಸೆರಗಿನ ಗಂಟು ಬಿಚ್ಚಿ, ಬ್ಲೌಸಿನೊಳಗಿನ ಪರ್ಸು ತೆಗೆದು, ಮಡಿಕೆ ಬಿದ್ದ ನೋಟುಗಳನ್ನು ನೀವಿ ನೀವಿ ಎಣಿಸುತ್ತಾರೆ. ಕಾರ್ಡಿನಲ್ಲಿ ಸಹಿ ಬೀಳುತ್ತದೆ. ಒಬ್ಬಳು ಬಂದಿಲ್ಲ. ಗಂಡನಿಗೆ ಹುಷಾರಿಲ್ಲವೋ, ಕೂಲಿ ಬಟವಾಡೆ ಆಗಿಲ್ಲವೋ. ‘ಅವಳದು ಬರೋವರೆಗೂ ಯಾರೂ ಏಳಂಗಿಲ್ಲ’ ಅನ್ನುತ್ತಾನೆ ಹುಡುಗ. ಅಲ್ಲಿಗೆ ಮುಗಿಯಿತು. ಹಿಟ್ಟಿಗಿಡಬೇಕಾದವಳು, ಕೂಲಿಗೆ ಹೋಗಬೇಕಾದವಳು, ಮಗುವನ್ನು ಅಂಗನವಾಡಿಗೆ ಬಿಡಬೇಕಾದವಳು, ಎಲ್ಲರ ಸಿಟ್ಟೂ ಅಲ್ಲಿಲ್ಲದವಳ ಮೇಲೆ ತಿರುಗುತ್ತದೆ. ಎದ್ದು ಸೀದಾ ಅವಳ ಮನೆಗೇ ನಡೆಯುತ್ತಾರೆ. ಬಾಗಿಲಲ್ಲಿ ನಿಂತು ಕೂಗಾಡುವವರು ನಿನ್ನೆ ಅವಳ ಮನೆಯಿಂದಲೇ ಹೆಪ್ಪಿಗೆ ಮೊಸರು ತಂದವರು. ಫೀಲ್ಡ್ ಆಫೀಸರ್ ಬೀದಿಯ ಆ ಬದಿ ಬೈಕಿಗೆ ಒರಗಿ ಫೋನು ನೋಡುತ್ತಿರುತ್ತಾನೆ. ಅವನು ಬೈಯಲಿಲ್ಲ, ಬೆದರಿಸಲಿಲ್ಲ, ಯಾರ ಮೈ ಮುಟ್ಟಲೂ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಒಂದಕ್ಷರವನ್ನೂ ತಾನು ಮುರಿದಿಲ್ಲ ಎಂದು ಅವನು ಎದೆ ತಟ್ಟಿ ಹೇಳಬಹುದು.

ಅಡಮಾನವಿಲ್ಲದ ಸಾಲ ಎಂದು ಹೇಳುತ್ತೇವೆ. ಹೊಲ, ಮನೆ, ಚಿನ್ನ ಯಾವುದೂ ಇಲ್ಲ, ಸರಿ. ಅಡವಿಟ್ಟಿರುವುದು ಅವಳ ಮಾನವನ್ನು. ಊರಲ್ಲಿ ತಲೆಯೆತ್ತಿ ಓಡಾಡುವ ಅವಳ ಹಕ್ಕನ್ನು. ಈ ಅಡಮಾನಕ್ಕೆ ಪತ್ರವಿಲ್ಲ, ರಿಜಿಸ್ಟ್ರಾರ್ ಇಲ್ಲ, ಆದರೆ ಜಫ್ತಿ ಮಾತ್ರ ವಾರ ವಾರವೂ ನಡೆಯುತ್ತದೆ. ಸಾಲ ಕೊಟ್ಟವನಿಗೆ ಕೋರ್ಟಿಗೆ ಹೋಗುವ ದಾರಿಯಿದೆ. ಗೂಂಡಾಗಳನ್ನು ಬಿಟ್ಟು ವಸೂಲಿ ಮಾಡಬಾರದು, ಕಾನೂನಿನ ದಾರಿಯಲ್ಲೇ ಹೋಗಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಬ್ಯಾಂಕುಗಳಿಗೆ ಬುದ್ಧಿ ಹೇಳಿದೆ. ಮೂವತ್ತು ನಲವತ್ತು ಸಾವಿರದ ಸಾಲಕ್ಕೆ ಕೋರ್ಟಿನ ದಾರಿ ದುಬಾರಿ, ಅವಮಾನ ಅಗ್ಗ. ಈ ಅಗ್ಗದ ಸರಕನ್ನು ದುಬಾರಿ ಮಾಡುವುದು ಸರ್ಕಾರದ ಕೆಲಸ. ಗ್ರಾಹಕ ರಕ್ಷಣೆ ಎಂದರೆ ನನ್ನ ಮಟ್ಟಿಗೆ ಇಲ್ಲಿ ಬೇರೆ ಅರ್ಥವೇ ಇಲ್ಲ.

‘ಸಾಲ ತಗೊಂಡ ಮೇಲೆ ಕಟ್ಟಬೇಕಲ್ವೇ’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಾಲದ ಮಾತು ಬಂದರೆ ನಮಗೆಲ್ಲ ಸರ್ವಜ್ಞ ನೆನಪಾಗುತ್ತಾನೆ. ಸಾಲಗಾರನಿಗೆ ಅವನು ಹೇಳಿದ ಬುದ್ಧಿ ಬಾಯಿಪಾಠ. ಕೊಡುವವನಿಗೂ ಒಂದು ಬುದ್ಧಿಮಾತು ಬೇಕೆಂದು ನಮಗೆ ಅನ್ನಿಸುವುದೇ ಇಲ್ಲ. ಲೆಕ್ಕ ಹಾಕೋಣ. ಐವತ್ತು ಸಾವಿರ ರೂಪಾಯಿ ಸಾಲ, ಎರಡು ವರ್ಷ, ಇಳಿಕೆ ಬಾಕಿಯ ಮೇಲೆ ಶೇ 24ರ ಬಡ್ಡಿ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 2,645 ರೂಪಾಯಿ ಕಂತು. ಗಂಡ ಹೆಂಡತಿ ಇಬ್ಬರೂ ದುಡಿದು ತಿಂಗಳಿಗೆ ಹನ್ನೆರಡು ಸಾವಿರ ತರುವ ಮನೆ ಅದು. ಅರ್ಧ ಎಂದರೆ ಆರು ಸಾವಿರ. ಇಂಥ ಎರಡು ಸಾಲ ನಿಯಮದೊಳಗೆ ನಿಲ್ಲುತ್ತದೆ. ಮೂರನೆಯದು ಬಿತ್ತೋ, ಕಂತು ಎಂಟು ಸಾವಿರದ ಹತ್ತಿರಕ್ಕೆ ಹೋಗುತ್ತದೆ. ಅಂದರೆ ಆ ಮೂರನೇ ಸಾಲ ಕೊಟ್ಟ ದಿನವೇ ನಿಯಮ ಮುರಿದಾಗಿದೆ, ಮುರಿದವನು ಕೊಟ್ಟವನು. ಅವಳ ಹಳೆಯ ಸಾಲಗಳೆಲ್ಲ ಕ್ರೆಡಿಟ್ ಬ್ಯೂರೊದ ಪರದೆಯ ಮೇಲೆ ಅವನ ಕಣ್ಣಮುಂದೆಯೇ ಇದ್ದವು. ಹನ್ನೆರಡು ಸಾವಿರದ ಆದಾಯವನ್ನು ಅರ್ಜಿಯಲ್ಲಿ ಇಪ್ಪತ್ತು ಸಾವಿರ ಎಂದು ತುಂಬಿಸಿದ ಕೈ ಯಾವುದು? ಅವಳಿಗೆ ತೋರಿಸಿದ್ದು ಹೆಬ್ಬೆಟ್ಟು ಒತ್ತುವ ಜಾಗ ಮಾತ್ರ. ವರ್ಷ ಕಳೆದು ಕಂತು ನಿಂತಾಗ ನಿಯಮ ಮುರಿದವನು ಕುರ್ಚಿಯಲ್ಲಿ, ಮುರಿಸಿಕೊಂಡವಳು ಬಾಗಿಲ ಹಿಂದೆ.

ಇದು ಬರೀ ಅನುಮಾನದ ಮಾತಲ್ಲ. 2024ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕೇ ನಾಲ್ಕು ಹಣಕಾಸು ಸಂಸ್ಥೆಗಳು ಹೊಸ ಸಾಲ ಕೊಡದಂತೆ ತಡೆಯಿತು. ಬಡ್ಡಿ ವಿಪರೀತ, ಕುಟುಂಬದ ಆದಾಯವನ್ನೂ ಇರುವ ಸಾಲವನ್ನೂ ಸರಿಯಾಗಿ ನೋಡಿಲ್ಲ ಎಂಬುದು ಅದು ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಮುಂದಿನ ಜನವರಿಯ ಹೊತ್ತಿಗೆ ನಾಲ್ಕೂ ಸಂಸ್ಥೆಗಳ ಮೇಲಿನ ತಡೆ ಹೋಯಿತು. ಅವು ತಮ್ಮ ಕ್ರಮಗಳನ್ನು ತಿದ್ದಿಕೊಂಡವಂತೆ. ತಿದ್ದಿಕೊಳ್ಳುವ ಮುಂಚೆ ಕೊಟ್ಟ ಸಾಲಗಳ ಕಂತು ಕಟ್ಟುತ್ತಿದ್ದವರಿಗೆ ಏನು ಸಿಕ್ಕಿತು?

ಸಾಲ ಮನ್ನಾ ಮಾಡಿ ಎಂದು ನಾನು ಕೇಳುತ್ತಿಲ್ಲ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಈ ಸೀಮೆಯವರಿಗೆ ಗೊತ್ತು. 2009ರಲ್ಲಿ ಕೋಲಾರದಲ್ಲಿ ರೇಷ್ಮೆ ಕಸುಬು ಸೊರಗಿ, ಕಂತು ಕಟ್ಟುವುದಿಲ್ಲ ಎಂದು ಜನ ಒಟ್ಟಾಗಿ ನಿಂತರು. 2010ರ ಅಕ್ಟೋಬರಿನಲ್ಲಿ ಆಗಿನ ಆಂಧ್ರ ಪ್ರದೇಶ, ಆತ್ಮಹತ್ಯೆಗಳ ಬೆನ್ನಲ್ಲೇ, ಮೈಕ್ರೊಫೈನಾನ್ಸ್ ಕಂಪನಿಗಳ ಕೈ ಕಟ್ಟುವ ಸುಗ್ರೀವಾಜ್ಞೆ ತಂದಿತು. ವಸೂಲಿ ನಿಂತಿತು, ಜೊತೆಗೆ ಹೊಸ ಸಾಲವೂ ನಿಂತಿತು. ಮಗಳ ಆಸ್ಪತ್ರೆ ಖರ್ಚಿಗೆ ರಾತ್ರಿ ಹತ್ತಕ್ಕೆ ಐದು ಸಾವಿರ ಬೇಕಾದವಳು ಮತ್ತೆ ಹಳೆಯ ಬಡ್ಡಿಯವನ ಕಟ್ಟೆಗೇ ಹೋಗಬೇಕು. ಅವನ ಬಳಿ ಕಾರ್ಡೂ ಇಲ್ಲ, ಒಂಬತ್ತು–ಆರರ ಗಡಿಯಾರವೂ ಇಲ್ಲ. ಸಂಘದ ಸಾಲದಿಂದ ಹಸು ಕಟ್ಟಿ, ಹೊಲಿಗೆ ಯಂತ್ರ ತಂದು, ಗಂಡನ ಮುಂದೆ ಕೈಚಾಚದೆ ಬದುಕಿದವರು ಪ್ರತಿ ಊರಲ್ಲೂ ಇದ್ದಾರೆ. ಸಾಲ ಬೇಕು. ಮಾನ ಕಳೆಯುವ ವಸೂಲಿ ಬೇಡ.

ಕಾನೂನಿಗೆ ನಮ್ಮಲ್ಲಿ ಬರವಿಲ್ಲ. 1961ರ ಲೇವಾದೇವಿದಾರರ ಕಾಯ್ದೆ, ದೇವರಾಜ ಅರಸರ ಕಾಲದ 1976ರ ಋಣ ಪರಿಹಾರ ಕಾಯ್ದೆ, ವಿಪರೀತ ಬಡ್ಡಿ ನಿಷೇಧಿಸಿದ 2004ರ ಕಾಯ್ದೆ, 2018ರ ಇನ್ನೊಂದು ಋಣ ಪರಿಹಾರ ಕಾಯ್ದೆ, ಈಗ 2025ರದು. ಹೆಣ ಬಿದ್ದಾಗ ಒಂದು ಕಾಯ್ದೆ ತರುವುದು, ಸುದ್ದಿ ತಣ್ಣಗಾದ ಮೇಲೆ ಕಪಾಟಿನಲ್ಲಿಡುವುದು ನಮಗೆ ರೂಢಿಯಾಗಿ ಹೋಗಿದೆ.

ಆದ್ದರಿಂದ ಕಾನೂನು ಮಾಡಿದವರನ್ನಲ್ಲ, ಅದನ್ನು ಕೈಯಲ್ಲಿ ಹಿಡಿದು ಕೂತವರನ್ನು ನಾನು ಕೇಳಬೇಕಾಗಿದೆ. ಠಾಣಾಧಿಕಾರಿಗಳೇ, ‘ಅದು ರಿಸರ್ವ್ ಬ್ಯಾಂಕಿನ ಕಂಪನಿ ಕಣಮ್ಮ, ನಮಗೆ ಬರಲ್ಲ’ ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಬಡ್ಡಿ ಎಷ್ಟಿರಬೇಕೆಂಬುದು ನಿಮಗೆ ಬರುವುದಿಲ್ಲ, ನಿಜ. ರಾತ್ರಿ ಎಂಟಕ್ಕೆ ಒಬ್ಬ ಹೆಂಗಸಿನ ಹೊಸಿಲ ಮೇಲೆ ಕೂತು ‘ದುಡ್ಡು ಕೊಡೋವರೆಗೂ ಏಳಲ್ಲ’ ಎನ್ನುವುದು ಬ್ಯಾಂಕಿಂಗ್ ಅಲ್ಲ. ಅದು ಅತಿಕ್ರಮ ಪ್ರವೇಶ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಇದೆ. ಬೆದರಿಸಿದರೆ 351 ಇದೆ. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತಾಡಿದರೆ 79 ಇದೆ. ಆತ್ಮಹತ್ಯೆಗೆ ಪ್ರಚೋದಿಸಿದರೆ 108. ಇವು ಯಾವ ಕಂಪನಿಗೂ ವಿನಾಯಿತಿ ಕೊಟ್ಟಿಲ್ಲ. ಆದರೆ 108 ಹಾಕಲು ಒಬ್ಬರು ಸಾಯಬೇಕು. 329 ಹಾಕಲು ನೀವು ಪೆನ್ನು ಎತ್ತಿದರೆ ಸಾಕು. ಮೊದಲನೇ ದೂರಿಗೇ ಎತ್ತಿದ್ದರೆ ಎಷ್ಟು ಜನ ಬದುಕಿರುತ್ತಿದ್ದರು ಎಂಬ ಲೆಕ್ಕ ಯಾವ ಇಲಾಖೆಯಲ್ಲೂ ಇರುವುದಿಲ್ಲ. ನಿಮ್ಮ ಒಳಗಿರಬೇಕು.

ಜಿಲ್ಲಾಧಿಕಾರಿಗಳೇ, ನೋಂದಣಿ ಪುಸ್ತಕ ನಿಮ್ಮ ಬಳಿ ಇದೆ. ಯಾರ ಹೆಸರಿದೆ ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ. ಯಾರದಿಲ್ಲ ಎಂಬುದನ್ನು ಜನರೇ ಹೇಳುತ್ತಾರೆ. ಪಿಡಿಒ ಆಗಲಿ, ಅಂಗನವಾಡಿ ಮೇಲ್ವಿಚಾರಕಿಯಾಗಲಿ, ತಿಂಗಳಿಗೊಮ್ಮೆ ಎಚ್ಚರಿಕೆ ಕೊಡದೆ ಒಂದು ಸೆಂಟರ್ ಮೀಟಿಂಗಿಗೆ ಹೋಗಿ ಆ ಚಾಪೆಯ ಮೇಲೆ ಕೂರಲಿ. ಕುರ್ಚಿಯಲ್ಲಿ ಬೇಡ.

ನೃಪತುಂಗ ರಸ್ತೆಯ ಕಟ್ಟಡದಲ್ಲಿರುವ ರಿಸರ್ವ್ ಬ್ಯಾಂಕಿನವರೇ, ನೀವು ಕೊಟ್ಟಿರುವ 14448 ಎಂಬ ಉಚಿತ ಸಹಾಯವಾಣಿ ಸಂಖ್ಯೆ ಹಳ್ಳಿಯ ಎಷ್ಟು ಮನೆಗೆ ಗೊತ್ತು ಎಂದು ಹೊಸಕೋಟೆ ದಾಟಿ ಹೋಗಿ ಕೇಳಿದ್ದೀರಾ? ಮೊದಲು ಕಂಪನಿಗೇ ದೂರು ಕೊಡಬೇಕು, ಮೂವತ್ತು ದಿನ ಕಾಯಬೇಕು, ಆಮೇಲೆ ನಿಮ್ಮ ಓಂಬುಡ್ಸ್‌ಮನ್ ಬಳಿ ಬರಬೇಕು ಎಂಬುದು ಕ್ರೆಡಿಟ್ ಕಾರ್ಡಿನ ಜಗಳಕ್ಕೆ ಸರಿಯಾದ ಕ್ರಮ. ವಾರದ ಕಂತಿನವಳಿಗೆ ಮೂವತ್ತು ದಿನ ಎಂದರೆ ಮನೆಯ ಮುಂದೆ ನಾಲ್ಕು ಸಲ ಜಾತ್ರೆ. ವಸೂಲಿಯ ಕಿರುಕುಳದ ದೂರಿಗಾದರೂ ಈ ಕಾಯುವಿಕೆ ತೆಗೆಯಿರಿ. ಮೀಟಿಂಗಿನಲ್ಲಿ ಎಲ್ಲರನ್ನೂ ಕೂಡಿಹಾಕಿ ಒಬ್ಬಳ ಮೇಲೆ ಛೂ ಬಿಡುವುದನ್ನು ನಿಮ್ಮ ನಿರ್ದೇಶನ ನಿಷೇಧಿಸಿರುವ ‘ಕಠೋರ ವಿಧಾನ’ಗಳ ಪಟ್ಟಿಗೆ ಹೆಸರಿಟ್ಟು ಸೇರಿಸಿ. ಅರ್ಧ ಆದಾಯದ ಮಿತಿ ಮೀರಿಸಿ ಸಾಲ ಕೊಟ್ಟದ್ದು ಸಾಬೀತಾದರೆ ಆ ಸಾಲದ ಬಡ್ಡಿಯನ್ನು ಕೊಟ್ಟವನೇ ಕಳೆದುಕೊಳ್ಳಲಿ. ತಪ್ಪಿಗೆ ಬೆಲೆ ತೆರುವುದು ಗೊತ್ತಿಲ್ಲದವರು ತಪ್ಪು ಬಿಡುವುದಿಲ್ಲ.

ಫೀಲ್ಡ್ ಆಫೀಸರ್ ಆಗಿರುವ ಹುಡುಗರಿಗೂ ಒಂದು ಮಾತು. ನೀವೂ ಪಕ್ಕದ ತಾಲ್ಲೂಕಿನ ಕೂಲಿಯವರ ಮಕ್ಕಳೇ. ಪದವಿ ಮುಗಿಸಿ, ಬೈಕಿನ ಸಾಲ ಹೊತ್ತು, ಬ್ಯಾಗಿನ ತುಂಬ ಬೇರೆಯವರ ದುಡ್ಡು ಇಟ್ಟುಕೊಂಡು ಹಾಳು ರಸ್ತೆಯಲ್ಲಿ ತಿರುಗುವವರು. ಸಂಜೆ ಬ್ರಾಂಚಿನಲ್ಲಿ ಟಾರ್ಗೆಟ್ ತುಂಬದಿದ್ದರೆ ಮ್ಯಾನೇಜರ್ ನಿಮ್ಮನ್ನು ನಿಲ್ಲಿಸಿ ಬೈಯುವ ಬೈಗುಳವನ್ನೇ ನೀವು ಮರುದಿನ ಹಳ್ಳಿಗೆ ಒಯ್ಯುತ್ತೀರಿ. ಆ ಹೆಂಗಸು ನಿಮ್ಮ ಅವ್ವನ ಓರಗೆಯವಳು ಎಂದು ನಿಮಗೆ ಗೊತ್ತಿಲ್ಲದೇ ಇಲ್ಲ. ಸುಲಭವಲ್ಲ, ಆದರೂ ಒಂದು ದಿನ ‘ಆಕೆಗೆ ಮೂರು ತಿಂಗಳು ಬಿಡಿ, ಕಟ್ಟುತ್ತಾಳೆ’ ಎಂದು ಬ್ರಾಂಚಿನಲ್ಲಿ ಬಾಯಿಬಿಟ್ಟು ಹೇಳಿ. ಕಷ್ಟದಲ್ಲಿರುವವರನ್ನು ಗುರುತಿಸಬೇಕೆಂಬ ನಿಯಮವೇ ಇದೆ. ನೀವು ಹೇಳುತ್ತಿರುವುದು ನಿಯಮವನ್ನೇ.

ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವವರು ಇದೆಲ್ಲ ಹಳ್ಳಿಯ ಸಮಾಚಾರ ಎಂದುಕೊಳ್ಳಬೇಡಿ. ಮೈಕ್ರೊಫೈನಾನ್ಸ್ ಕಂಪನಿಗಳು ಹಂಚುವ ಹಣದ ಬಹುಪಾಲು ಬ್ಯಾಂಕುಗಳಿಂದ ಬಂದದ್ದು. ಬಡವರಿಗೆ ಸಾಲ ತಲುಪಿಸುವ ಆದ್ಯತಾ ವಲಯದ ಲೆಕ್ಕಕ್ಕೆ ಬ್ಯಾಂಕುಗಳು ಅದನ್ನು ಬರೆದುಕೊಳ್ಳುತ್ತವೆ. ಬ್ಯಾಂಕಿನ ಹಣ ಎಂದರೆ ನಿಮ್ಮ ಎಫ್‌ಡಿ, ನನ್ನ ಉಳಿತಾಯ ಖಾತೆ. ನಮ್ಮ ಹಿರಿಯ ನಾಗರಿಕರ ಎಫ್‌ಡಿಗೆ ಕಾಲು ಪರ್ಸೆಂಟು ಹೆಚ್ಚು ಬಡ್ಡಿ ಕೊಡುವ ಮ್ಯಾನೇಜರನ್ನು ಹೊಗಳುತ್ತೇವೆ. ಆ ದುಡ್ಡು ಕೈದಾಟಿ ಕೈದಾಟಿ ಶೇ 24ಕ್ಕೆ ಯಾರ ಬಾಗಿಲಿಗೆ ಹೋಗಿ ಹೇಗೆ ವಾಪಸ್ ಬರುತ್ತದೆ ಎಂದು ಒಮ್ಮೆಯಾದರೂ ಅವನನ್ನು ಕೇಳಬೇಡವೇ?

ಅಷ್ಟು ದೂರ ಹೋಗಲಾಗದಿದ್ದರೆ ಅಡುಗೆಮನೆಯವರೆಗಾದರೂ ಹೋಗಿ. ನಿಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ, ನಿಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಒರೆಸುವ ಹೆಂಗಸು ತಿಂಗಳ ನಡುವೆ ‘ಅಕ್ಕಾ, ಸಂಘದ್ದು ಕಟ್ಬೇಕು, ಎರಡು ಸಾವಿರ ಮುಂಚೆ ಕೊಡ್ತೀರಾ’ ಎಂದು ಕೇಳಿರುತ್ತಾಳೆ. ಮುಂದಿನ ಸಲ ಕೇಳಿದಾಗ ದುಡ್ಡು ಕೊಡಿ, ಬಿಡಿ, ಅದು ನಿಮ್ಮ ಅನುಕೂಲ. ಆದರೆ ಕಾರ್ಡು ತಾ ಎನ್ನಿ. ಕೂರಿಸಿ, ಜೊತೆಗೆ ಓದಿ. ಎಷ್ಟು ಕಡೆ ಸಾಲವಿದೆ, ವಿಮೆ ಅಂತ ಎಷ್ಟು ಹಿಡಿದಿದ್ದಾರೆ, ಮನೆಯ ಆದಾಯ ಎಷ್ಟೆಂದು ಬರೆದಿದ್ದಾರೆ, ನೋಡಿ. ಅವಳ ಫೋನಿನಲ್ಲಿ 14448 ಸೇವ್ ಮಾಡಿ. ಒಂಬತ್ತರ ಮುಂಚೆ, ಆರರ ಮೇಲೆ ಬಂದ ಕರೆಗಳ ಸ್ಕ್ರೀನ್‌ಶಾಟ್ ತೆಗೆದಿಡುವುದನ್ನು ಅವಳ ಮಗಳಿಗೆ ಹೇಳಿಕೊಡಿ. ಆ ಹುಡುಗಿಗೆ ಅದು ನಿಮಗಿಂತ ಚೆನ್ನಾಗಿ ಬರುತ್ತದೆ. ಮನೆಗೆ ಬಂದು ಗಲಾಟೆ ಮಾಡಿದರು ಎಂದು ಅವಳು ಅತ್ತರೆ, ಸಮಾಧಾನ ಹೇಳಿ ಕಳಿಸಬೇಡಿ. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಠಾಣೆಗೆ ಹೊರಡಿ. ದೂರನ್ನು ಕನ್ನಡದಲ್ಲಿ ಬರೆದುಕೊಡಿ, ಬಂದವರ ಕಂಪನಿಯ ಹೆಸರು, ದಿನ, ಗಂಟೆ ನಮೂದಿಸಿ, ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೂ ಬೆಂಚಿನಿಂದ ಏಳಬೇಡಿ.